ಆಕಳಿಕಿ ಲೆಕ್ಕ

ರಾತ್ರಿ ಹತ್ತರ ಚಿಗರಿ ಬಸ್ಸಿನಾಗ
ಕೊನೀ ಸೀಟು ನಂದು.
ಕೈಯಾಗ ಒಂದು ಒತ್ತೋ ಗುಂಡಿ,
ತೊಡಿ ಮ್ಯಾಲೆ ಗೆರಿ ಹೊಡೆದ ಹಾಳಿ,
ದಿನಕ್ಕ ನಾಕನೂರಾ ಐವತ್ತು ಪಗಾರ,
ಟಿಕೀಟಿನ ರೊಕ್ಕ ಬ್ಯಾರೆ.

ಕೆಲಸ ಇಷ್ಟ: ಯಾರು ಮೊದಲು ಆಕಳಿಸಿದರು,
ಅದು ಯಾರಿಗೆ ಹೋತು, ಎಷ್ಟು ಸೆಕೆಂಡಿಗೆ,
ಅವರು ಬಳಗದವರೋ, ಗುರುತಿನವರೋ, ಯಾರೋ ಏನೋ.
ಓಣ್ಯಾಗ ಹೇಳಿಲ್ಲ. ಹೆಂಡತಿಗಷ್ಟ ಹೇಳೀನಿ.
ಆಕಿ ನಕ್ಕು ನಕ್ಕು ಸುಸ್ತಾಗಿ
ಕಡೀಕ ತಾನ ಆಕಳಿಸಿದಳು.

ಕೆಲಸ ಕೊಟ್ಟ ಡಾಕ್ಟರ್ ನಫೀಸಾ ಸವಣೂರ
ಧಾರವಾಡದ ತಮ್ಮ ಖೋಲ್ಯಾಗ
ಗಾಜಿನ ತೊಟ್ಟಿಯ ಮೀನು ತೋರಿಸಿ ಹೇಳಿದ್ದರು:
"ನೋಡ್ರಿ ಯಲಿಗಾರ, ಇದೂ ಬಾಯಿ ತೆರೀತದ.
ದವಡಿ ಹುಟ್ಟಿದಾಗಿಂದ ನಡದದ ಇದು.
ಹಾವು, ಗುಬ್ಬಿ, ಮಂಗ್ಯಾ,
ತಾಯಿ ಹೊಟ್ಟ್ಯಾಗಿನ ಮೂರು ತಿಂಗಳ ಕೂಸು,
ಇನ್ನೂ ಹಗಲು ರಾತ್ರಿ ಗೊತ್ತಿಲ್ಲದ್ದು,
ನೀರಾಗ ತೇಲಕೋತ ಆಕಳಸತದ.
ಯಾಕಂತ ಕೇಳಬ್ಯಾಡ್ರಿ.
ಮಿದುಳು ತಂಪಾಗಲಿ ಅಂತ, ಅಂತಾರ ಕೆಲವರು.
ಹಿಂಡು ಎಚ್ಚರ ಇರಲಿ ಅಂತ, ಅಂತಾರ ಕೆಲವರು.
ನಂಗೂ ಖಾತ್ರಿ ಇಲ್ಲ. ಅದಕ್ಕ ನೀವು ಎಣಸ್ರಿ."

ಮೂವತ್ತೊಂದು ವರ್ಷ ಇದ ಹಾದ್ಯಾಗ
ಕಂಡಕ್ಟರಾಗಿ ತಲಿ ಎಣಿಸಿದಾಂವ ನಾ.
ಬಾಯಿ ಎಣಿಸೂದು ಈಗ ಕಲ್ತೀನಿ.

ಹೊಸೂರಿನಾಗ ಹತ್ತಿದ ಬಟ್ಟಿ ಅಂಗಡಿ ಹುಡುಗಿ
ಓಢಣಿ ತುದಿ ಬಾಯಿಗೆ ಒತ್ತಿ, ಒಂದು.
ಏಳು ಸೆಕೆಂಡಿಗೆ ಎದುರಿನ ಮಾಸ್ತರು,
ಬಾಯಿ ಮುಂದ ಚಿಟಿಕಿ ಹೊಡೆದು "ಶಿವ ಶಿವಾ".
ಅಲ್ಲಿಂದ ಕಂಬಿ ಹಿಡಿದು ನಿಂತಾಂವ,
ಅಲ್ಲಿಂದ ಉಳ್ಳಾಗಡ್ಡಿ ಚೀಲದ ಮುದುಕಿ,
ಹಲ್ಲಿಲ್ಲದ ಬಾಯಾಗ ಲೈಟು ಬಿದ್ದು
ಒಳಗಿನ ಕೆಂಪೆಲ್ಲಾ ಕಂಡಿತು.
ಆಕಿ ತೊಡಿಮ್ಯಾಲಿನ ಎರಡು ವರ್ಷದ ಮೊಮ್ಮಗ ಮಾತ್ರ
ಎಲ್ಲಾರ ಬಾಯಿ ಪಿಳಿಪಿಳಿ ನೋಡಿದ.
ಅಷ್ಟು ಸಣ್ಣವರಿಗೆ ಅಂಟೂದಿಲ್ಲಂತ.
ಇನ್ನೊಬ್ಬರ ದಣಿವು ತನ್ನೊಳಗ ಬರಾಕ
ನಾಕೈದು ವರ್ಷ ಬೇಕಂತ.

ಡ್ರೈವರ್ ಕನ್ನಡಿ ನೋಡೂ ಹೊತ್ತಿಗೆ
ನಾ ದವಡಿ ಬಿಗಿ ಹಿಡೀತೀನಿ.
ಹಾಳ್ಯಾಗಿಲ್ಲ ಇದು, ನನ್ನ ಸ್ವಂತ ಕಾಯಿದೆ.

ದೊಡ್ಡ ದವಾಖಾನಿ ಸ್ಟಾಪಿನಾಗ
ಒಬ್ಬಾಂವ ಹತ್ತಿದ. ನಲವತ್ತರ ಆಸುಪಾಸು.
ಮೂರು ಡಬ್ಬಿಯ ಕ್ಯಾರಿಯರ್ ಇಟ್ಟ ಸಪ್ಪಳದಾಗ ಗೊತ್ತಾತು,
ಒಳಗಿನ ರೊಟ್ಟಿ ಯಾರೂ ಮುಟ್ಟಿಲ್ಲ.
ಹುಡುಗಿ ಮತ್ತ ಆಕಳಿಸಿದಳು. ಅಂವ ನೋಡಿದ.
ಮಾಸ್ತರು. ನೋಡಿದ.
ಉಣಕಲ್ ಕೆರಿ ಹಿಂದ ಸರೀತು, ರಾಯಾಪುರ ಹೋತು,
ಅಂವನ ಬಾಯಿ ಹೊಲಿದ್ಹಂಗ ಇತ್ತು.

ಅಕ್ಕೋರು ಹೇಳಿದ್ದರು,
ಹುಲಿ ಹೆಜ್ಜಿ ಸಪ್ಪಳ ಕೇಳಿದ ಜಿಂಕಿ
ಆಕಳಿಸೂದಿಲ್ಲ ಅಂತ.
ಮೈಯೆಲ್ಲಾ ಕಿವಿ ಆಗಿರತದ,
ನೆತ್ತರು ಕಾಲಿಗೆ ಇಳಿದಿರತದ.
ಇಲ್ಲಿ ಎ.ಸಿ. ಬಸ್ಸಿನಾಗ ಯಾವ ಹುಲಿ?
ಅಂವ ಅಂಗೈಯಾಗ ಮೊಬೈಲ್ ಹಿಡಿದಿದ್ದ,
ಹಕ್ಕಿಮರಿ ಹಿಡಿದ್ಹಂಗ, ಒತ್ತದ, ಬಿಡದ.
'ಆಕಳಿಸಲಿಲ್ಲ' ಕಾಲಮ್ಮಿನಾಗ ಗೆರಿ ಎಳೆದೆ.
ಯಾಕ ಅನ್ನೂದಕ್ಕ ಹಾಳ್ಯಾಗ ಜಾಗ ಇಲ್ಲ.

ನವಲೂರು ದಾಟಿಂದ ಮೊಬೈಲ್ ನಡುಗಿತು.
"ಹೂಂ. ಹೂಂ. ಕಣ್ಣು ಬಿಟ್ಟಾಳ?
ನೀರು ಕೇಳಿದಳಾ? ತಾನ ಕೇಳಿದಳಾ?"
ಆಮ್ಯಾಲೆ ಮಾತಿಲ್ಲ.

ಟೋಲ್ ನಾಕಾದಾಗ ಮುದುಕಿ
ಚೀಲ ಎಳಕೋತ ಇನ್ನೊಮ್ಮೆ ಆಕಳಿಸಿದಳು.
ಮೂರು. ನಾಕು. ಐದು.
ಅಂವನ ದವಡಿ ಅದುರಿ, ಅರ್ಧಕ್ಕ ನಿಂತು,
ಆಮ್ಯಾಲೆ ತೆರೀತು,
ಜಂಗು ಹಿಡಿದ ಬಾಗಲಾ ತೆರದ್ಹಂಗ,
ಕಣ್ಣಾಗ ನೀರು ಬರೂತನಕ.

ಬೆರಳು ಗುಂಡಿ ಮ್ಯಾಲ ಇತ್ತು. ಒತ್ತಲಿಲ್ಲ.
ನನ್ನ ಬಾಯೀನೂ ತೆರೆದಿತ್ತು ಆವಾಗ,
ಕನ್ನಡಿ, ಕಾಯಿದೆ, ಎಲ್ಲಾ ಮರೆತು.
ನಾಳೆ ಅಕ್ಕೋರು ಕೇಳತಾರ, ಒಂದು ಕಡಿಮಿ ಬಂತಲ್ರೀ ಅಂತ.
ಏನರ ಹೇಳಿದರಾತು.

ಜುಬಿಲಿ ಸರ್ಕಲ್ಲಿನಾಗ ಕ್ಯಾರಿಯರ್ ಮರೆತು ಇಳೀಲಿಕ್ಹತ್ತಿದ್ದ.
ಕರೆದು ಕೊಟ್ಟೆ, ಉಣ್ರಿ ಅಂದೆ.
ನನ್ನ ಮಾರಿ ನೋಡಿ ಅಂದ:
"ನಿಮಗೂ ನಿದ್ದಿ ಬಂದದ ನೋಡ್ರಿ, ಯಜಮಾನ್ರ."